ಎರಡು ಹೊಳೆಯ ಸಿಗಡಿ ಒಂದೇ ಬಳಗವಾ? ಪತ್ತೆ ಹಚ್ಚುವ ದಾರಿ

ಶರಾವತಿಯ ಸಿಗಡಿಗೂ ಅಘನಾಶಿನಿಯ ಸಿಗಡಿಗೂ ನಂಟು ಇದೆಯಾ? ದಂಡೆಯ ಮೇಲೆ ನಿಂತು ನೋಡಿದರೆ ಇಲ್ಲ ಅನ್ನಿಸುತ್ತದೆ. ಎರಡು ಹೊಳೆಗಳು ನೆಲದ ಮೇಲೆ ಎಲ್ಲೂ ಸೇರುವುದಿಲ್ಲ, ನಡುವೆ ಗುಡ್ಡ ಇದೆ. ಆದರೆ ಎರಡೂ ಬೀಳುವುದು ಒಂದೇ ಕಡಲಿಗೆ. ಸಿಗಡಿಯ ಮರಿ ಕೆಲವು ವಾರ ಉಪ್ಪು ನೀರಿನಲ್ಲಿ ತೇಲುವಂಥದ್ದಾದರೆ, ಒಂದು ಅಳಿವೆಯಿಂದ ಹೊರಟಿದ್ದು ಇನ್ನೊಂದು ಅಳಿವೆಯಲ್ಲಿ ಒಳಗೆ ಬರಬಹುದು. ಆಗ ಕಡಲೇ ಸೇತುವೆ. ಮರಿಗೆ ಉಪ್ಪು ಬೇಡವೇ ಬೇಡ ಅನ್ನುವ ಜಾತಿಯಾದರೆ ಅದೇ ಕಡಲು ಗೋಡೆ.

ಇದನ್ನು ಹಂತ ಹಂತವಾಗಿ ಪರೀಕ್ಷಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಮೊದಲ ನಾಲ್ಕು ಹೆಜ್ಜೆಗೆ ದೊಡ್ಡ ಲ್ಯಾಬ್ ಬೇಕಿಲ್ಲ. ನನ್ನನ್ನು ಕೇಳಿದರೆ ಕೆಲಸದ ಅರ್ಧ ಜೀವ ಆ ನಾಲ್ಕರಲ್ಲೇ ಇದೆ. ಜಾಸ್ತಿ ಜನ ಅದನ್ನು ಬಿಟ್ಟು ನೇರ ಡಿಎನ್‌ಎಗೆ ಹಾರುತ್ತಾರೆ, ಆಮೇಲೆ ಸಿಕ್ಕಿದ ಅಂಕಿಗೆ ಅರ್ಥ ಹುಡುಕಿಕೊಂಡು ಪರದಾಡುತ್ತಾರೆ.

1. ಕೈಯಲ್ಲಿರುವುದು ಯಾವ ಸಿಗಡಿ?

ಮಾರುಕಟ್ಟೆಯ ಬುಟ್ಟಿಯಲ್ಲಿ ಎಲ್ಲವೂ ಸಿಗಡಿಯೇ. ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಕುಂದಾಪುರದ ಕಡೆ ಚಟ್ಲಿ. ಹೊಳೆಯದ್ದು, ಕಡಲಿನದ್ದು, ಕೆರೆಯಲ್ಲಿ ಸಾಕಿದ ವನಾಮಿ, ಎಲ್ಲಕ್ಕೂ ಅದೇ ಹೆಸರು. ಬೇರ್ಪಡಿಸಲು ಮೂರು ಗುರುತು ಸಾಕು.

ಸಿಗಡಿಯನ್ನು ಮಗ್ಗುಲಾಗಿ ಮಲಗಿಸಿ. ಹೊಟ್ಟೆಯ ಎರಡನೇ ಬಳೆಯ ಪಕ್ಕದ ಚಿಪ್ಪು ತನ್ನ ಹಿಂದಿನ ಬಳೆಯ ಮೇಲೂ ಮುಂದಿನ ಬಳೆಯ ಮೇಲೂ ಹೊದಿಕೆಯ ಹಾಗೆ ಕೂತಿದ್ದರೆ ಅದು ಹೊಳೆ ಸಿಗಡಿಯ ಗುಂಪು. ವನಾಮಿಯಲ್ಲೂ ಕಡಲಿನ ಬಿಳಿ ಸಿಗಡಿಯಲ್ಲೂ ಹಾಗೆ ಇರುವುದಿಲ್ಲ. ಎರಡನೇ ಗುರುತು ಮೊಟ್ಟೆ. ಹೊಳೆ ಸಿಗಡಿಯ ಹೆಣ್ಣು ಮೊಟ್ಟೆಯನ್ನು ಹೊಟ್ಟೆಯ ಅಡಿ, ಈಜುಗಾಲುಗಳ ನಡುವೆ ಹೊತ್ತುಕೊಂಡು ತಿರುಗುತ್ತದೆ. ವನಾಮಿಯ ಗುಂಪಿನವು ಮೊಟ್ಟೆಯನ್ನು ನೇರ ನೀರಿಗೆ ಬಿಟ್ಟುಬಿಡುತ್ತವೆ. ಮೂರನೆಯದು ಎರಡನೇ ಜೊತೆ ಕಾಲು. ಅದು ಉದ್ದವಾಗಿ, ತುದಿಯಲ್ಲಿ ಚಿಮಟ ಇದ್ದರೆ ಮ್ಯಾಕ್ರೋಬ್ರೇಕಿಯಂ ಕುಲ ಇರಬಹುದು. ಇಡೀ ಸಿಗಡಿ ಎರಡು ಮೂರು ಸೆಂಟಿಮೀಟರ್ ಮಾತ್ರ, ಚಿಮಟದ ತುದಿಯಲ್ಲಿ ಬ್ರಷ್‌ನಂಥ ಕೂದಲು ಅಂದರೆ ಕ್ಯಾರಿಡಿನಾ ಅನ್ನುವ ಕುಲದ ಕಡೆಗೆ ನೋಡಿ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಕ್ಯಾಂಪಿ ಅಂತ ಮಾರುವ ದೊಡ್ಡ ಹೊಳೆ ಸಿಗಡಿ ಮ್ಯಾಕ್ರೋಬ್ರೇಕಿಯಂ ರೋಸೆನ್‌ಬರ್ಗಿ. ಪೂರ್ವಕ್ಕಿರುವ ನ್ಯೂಗಿನಿ, ಆಸ್ಟ್ರೇಲಿಯಾ ಕಡೆಯದೂ ನಮ್ಮ ಕಡೆಯದೂ ಬೇರೆ ಜಾತಿ ಅಂತ 2007ರಲ್ಲಿ ಎರಡಾಗಿ ಒಡೆದರು. ಆಗ ನಮ್ಮದಕ್ಕೆ ಡಕೆಟಿ ಅನ್ನುವ ಹೆಸರು ಬಂತು. ಪ್ರಪಂಚದ ತುಂಬ ಸಾಕುವ ಪ್ರಾಣಿಯ ಹೆಸರೇ ಬದಲಾದರೆ ಹೇಗೆ ಅಂತ ಗಲಾಟೆ ಆಯಿತು. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ಆಯೋಗ 2010ರಲ್ಲಿ ರೋಸೆನ್‌ಬರ್ಗಿ ಅನ್ನುವ ಹೆಸರನ್ನು ನಮ್ಮ ಕಡೆಯದಕ್ಕೇ ಉಳಿಸಿತು. ಹಾಗಾಗಿ ಆ ನಡುವಿನ ಬರಹಗಳಲ್ಲಿ ಡಕೆಟಿ ಅಂತ ಕಂಡರೆ ಹೊಸ ಪ್ರಾಣಿ ಸಿಕ್ಕಿತು ಅಂದುಕೊಳ್ಳಬೇಡಿ.

2. ಮೊಟ್ಟೆ ಅಳೆಯಿರಿ

ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಹೆಜ್ಜೆ ಇದು. ಖರ್ಚು ಒಂದು ಸ್ಟೀಲ್ ಸ್ಕೇಲು, ಒಂದು ಸೂಜಿ, ಒಂದು ಭೂತಗನ್ನಡಿ.

ಮೊಟ್ಟೆ ಹೊತ್ತ ಹೆಣ್ಣನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆಯಡಿಯಿಂದ ಸೂಜಿಯಲ್ಲಿ ಇಪ್ಪತ್ತು ಮೊಟ್ಟೆ ಬಿಡಿಸಿಕೊಳ್ಳಿ. ಸಿಗಡಿಯನ್ನು ವಾಪಸ್ ನೀರಿಗೆ ಬಿಡಿ. ಹತ್ತು ಮೊಟ್ಟೆಯನ್ನು ಸ್ಕೇಲಿನ ಅಂಚಿಗೆ ಒಂದಕ್ಕೊಂದು ತಾಗಿಸಿ, ಉದ್ದದ ಕಡೆ ಸಾಲಾಗಿ ಇಡಿ. ಸ್ವಲ್ಪ ತಾಳ್ಮೆ ಬೇಕು, ಒಂದೆರಡು ಉರುಳಿ ಹೋಗುತ್ತವೆ. ಸಾಲಿನ ಉದ್ದವನ್ನು ಹತ್ತರಿಂದ ಭಾಗಿಸಿ. ರೋಸೆನ್‌ಬರ್ಗಿಯಾದರೆ ಸಾಲು ಆರೇಳು ಮಿಲಿಮೀಟರ್ ಬರುತ್ತದೆ. ಅಂದರೆ ಒಂದು ಮೊಟ್ಟೆ 0.6ರಿಂದ 0.7 ಮಿಲಿಮೀಟರ್. ಅದೇ ಕುಲದ ಕೆಲವು ಒಳನಾಡಿನ ಜಾತಿಗಳಲ್ಲಿ ಒಂದೊಂದು ಮೊಟ್ಟೆ ಎರಡು ಮಿಲಿಮೀಟರ್ ಹತ್ತಿರ ಹೋಗುತ್ತದೆ.

ಕಿತ್ತಳೆ ಬಣ್ಣದ, ಕಣ್ಣು ಮೂಡದ ಮೊಟ್ಟೆಯನ್ನೇ ಅಳೆಯಿರಿ. ಮೊಟ್ಟೆ ಬಲಿತಂತೆ ಊದುತ್ತದೆ, ಕೊನೆಯ ಎರಡು ಮೂರು ದಿನ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಹೊಳೆಯಲ್ಲಿ ಎಳೆಯದು, ಇನ್ನೊಂದರಲ್ಲಿ ಬಲಿತದ್ದು ಅಳೆದರೆ ಹೋಲಿಕೆ ಕೆಟ್ಟಿತು.

ಇಷ್ಟು ಸಣ್ಣ ಅಳತೆಯಿಂದ ಏನು ತಿಳಿಯುತ್ತದೆ? ಸುಮಾರು ಎಲ್ಲವೂ. ತಾಯಿಯ ಹೊಟ್ಟೆಯಲ್ಲಿ ಜಾಗ ಇಷ್ಟೇ. ಅದರಲ್ಲಿ ಸಣ್ಣ ಮೊಟ್ಟೆ ರಾಶಿ ಇಡಬಹುದು, ಇಲ್ಲವೇ ದೊಡ್ಡವು ಕೆಲವೇ ಇಡಬಹುದು. ಬಲಿತ ರೋಸೆನ್‌ಬರ್ಗಿ ಹೆಣ್ಣು 80 ಸಾವಿರದಿಂದ ಒಂದು ಲಕ್ಷ ಮೊಟ್ಟೆ ಹೊರುತ್ತದೆ. ಒಂದೊಂದರಲ್ಲೂ ಬುತ್ತಿ ಕಡಿಮೆ. ಹಾಗಾಗಿ ಮರಿ ಅರೆಬೆಂದ ಹಾಗೆ ಹೊರಬರುತ್ತದೆ, ತಲೆಕೆಳಗಾಗಿ ಬಾಲ ಮುಂದಾಗಿ ಈಜುತ್ತದೆ, ಹನ್ನೊಂದು ಹಂತ ದಾಟಿದ ಮೇಲೆ ಸಿಗಡಿಯ ರೂಪಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದಕ್ಕೆ ಸವಳು ನೀರು ಬೇಕು. ದೊಡ್ಡ ಮೊಟ್ಟೆಯ ಮರಿಗೆ ತಾಯಿ ಕಟ್ಟಿಕೊಟ್ಟ ಬುತ್ತಿಯೇ ಸಾಕು. ಅದು ಮೊಟ್ಟೆಯೊಳಗೇ ಮುಕ್ಕಾಲು ಬೆಳೆದು, ಹೊರಬಂದು ಕೆಲವೇ ದಿನದಲ್ಲಿ ತಳಕ್ಕೆ ಇಳಿದು ನಡೆಯುತ್ತದೆ. ಕಡಲಿನ ಹಂಗಿಲ್ಲ.

ಈ ಹೊಂದಾಣಿಕೆಯನ್ನು ಬಿಡಿಸಿ ನೋಡಿದವರಲ್ಲಿ ನಮ್ಮವರೂ ಇದ್ದಾರೆ. ಜಾಲಿಹಾಳ, ಶೆಣೈ, ಸಂಕೊಳ್ಳಿ ಅನ್ನುವ ಸಂಶೋಧಕರು 1988ರಲ್ಲಿ ಧಾರವಾಡ ಸುತ್ತಲಿನ ಹೊಳೆ ಸಿಗಡಿಗಳ ಪಟ್ಟಿ ಮಾಡಿದರು. ಈ ಕುಲ ಉಪ್ಪು ನೀರು ಬಿಟ್ಟು ಹಂತ ಹಂತವಾಗಿ ಸಿಹಿ ನೀರಿಗೆ ಒಗ್ಗಿದ್ದು ಹೇಗೆ ಅಂತ 1993ರಲ್ಲಿ ಬರೆದರು. ಮರಿಯ ಬೆಳವಣಿಗೆಯನ್ನು ಉದ್ದ, ಅರ್ಧ ಮೊಟಕು, ಪೂರ್ತಿ ಮೊಟಕು ಅಂತ ವಿಂಗಡಿಸುವುದು ಈ ಕ್ಷೇತ್ರದಲ್ಲಿ ಈಗ ಮಾಮೂಲಿ ಮಾತು.

ಅಳೆದಾದ ಮೇಲೆ ನೋಟ್‌ಬುಕ್ಕಿನಲ್ಲಿ ನಿಮ್ಮ ಊಹೆ ಬರೆದು, ದಿನಾಂಕ ಹಾಕಿ. ಸಣ್ಣ ಮೊಟ್ಟೆ ಕಂಡರೆ: "ಹೊಳೆ ಹೊಳೆ ನಡುವೆ ವ್ಯತ್ಯಾಸ ಕಡಿಮೆ ಇರಬೇಕು." ದೊಡ್ಡ ಮೊಟ್ಟೆ ಕಂಡರೆ: "ಪಕ್ಕದ ಹಳ್ಳಕ್ಕೂ ವ್ಯತ್ಯಾಸ ಇರಬೇಕು." ಡಿಎನ್‌ಎ ಫಲಿತಾಂಶ ಬಂದ ಮೇಲೆ ಊಹೆ ಬರೆಯುವುದು ಪಂದ್ಯ ಮುಗಿದ ಮೇಲೆ ಬಾಜಿ ಕಟ್ಟಿದ ಹಾಗೆ.

3. ಉಪ್ಪಿನ ಪರೀಕ್ಷೆ

1960ರ ದಶಕದ ಶುರುವಿನವರೆಗೂ ರೋಸೆನ್‌ಬರ್ಗಿಯ ಮರಿಯನ್ನು ಬೆಳೆಸುವ ಗುಟ್ಟು ಯಾರಿಗೂ ತಿಳಿದಿರಲಿಲ್ಲ. ಸಿಹಿ ನೀರಿನ ಪ್ರಾಣಿ ಅಂತ ಸಿಹಿ ನೀರಿನಲ್ಲೇ ಇಟ್ಟರೆ ಮರಿ ಸಾಯುತ್ತಿತ್ತು. ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಶಾವೊ ವೆನ್ ಲಿಂಗ್ ಅದಕ್ಕೆ ಸವಳು ನೀರು ಬೇಕು ಅಂತ ಕಂಡುಕೊಂಡರು. ಇವತ್ತಿನ ಸ್ಕ್ಯಾಂಪಿ ಹ್ಯಾಚರಿಗಳ (ಮರಿ ತಯಾರಿಸುವ ಕೇಂದ್ರಗಳ) ಬುಡ ಇರುವುದು ಅಲ್ಲಿ. ನೀವು ಅದೇ ಪರೀಕ್ಷೆಯನ್ನು ನಿಮ್ಮ ಹೊಳೆಯ ಸಿಗಡಿಗೆ ಮಾಡಬಹುದು.

ಬೂದು ಮೊಟ್ಟೆ ಹೊತ್ತ ಹೆಣ್ಣನ್ನು ಗಾಳಿ ಬಿಡುವ ಟಬ್ಬಿನಲ್ಲಿ ಇಡಿ. ಮೊಟ್ಟೆ ಒಡೆಯುವುದು ಹೆಚ್ಚಾಗಿ ರಾತ್ರಿ. ಬೆಳಿಗ್ಗೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನ ಕಡೆ ಗುಂಪು ಸೇರುತ್ತವೆ. ಪೈಪೆಟ್ಟಿನಲ್ಲಿ ಎತ್ತಿಕೊಳ್ಳಿ.

ನಾಲ್ಕು ಬಗೆಯ ನೀರು ಮಾಡಿ: ಪೂರ್ತಿ ಸಿಹಿ, ಲೀಟರಿಗೆ ಸುಮಾರು 6 ಗ್ರಾಂ, 12 ಗ್ರಾಂ, 18 ಗ್ರಾಂ ಉಪ್ಪಿರುವುದು. ಕಡಲ ನೀರು 35 ಇದ್ದರೆ ಒಂದು ಪಾಲು ಕಡಲ ನೀರಿಗೆ ಎರಡು ಪಾಲು ಸಿಹಿ ನೀರು ಬೆರೆಸಿದಾಗ ಹೆಚ್ಚು ಕಡಿಮೆ 12 ಬರುತ್ತದೆ. ಆದರೆ ಮಳೆಗಾಲದಲ್ಲಿ ದಡದ ನೀರು 35 ಇರುವುದಿಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟು ಅಳೆದೇ ಬೆರೆಸಿ. ಅಡುಗೆ ಉಪ್ಪು ಕರಗಿಸಿ ಕೆಲಸ ಮುಗಿಸೋಣ ಅನ್ನಬೇಡಿ. ಕಡಲ ನೀರಿನಲ್ಲಿ ಉಪ್ಪಲ್ಲದೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಗಾಳಿ ಬಿಟ್ಟು ಒಂದೆರಡು ದಿನ ಇಡಿ.

ಒಂದೊಂದು ಬಗೆಗೂ ಮೂರು ಟಬ್ಬು, ಒಂದೊಂದಕ್ಕೆ 50 ಮರಿ. ಉಪ್ಪು ಜಾಸ್ತಿ ಇರುವ ಟಬ್ಬಿಗೆ ಮರಿಯನ್ನು ಒಮ್ಮೆಲೇ ಸುರಿಯಬೇಡಿ, ಅರ್ಧ ದಿನದಲ್ಲಿ ನಿಧಾನಕ್ಕೆ ಒಗ್ಗಿಸಿ. ಒಂದು ದಿನ ಕಳೆದ ಮೇಲೆ ಆಗ ತಾನೆ ಒಡೆದ ಆರ್ಟೀಮಿಯಾ (ಉಪ್ಪು ನೀರಿನ ಒಂದು ಪುಟ್ಟ ಪ್ರಾಣಿ) ಮರಿ ಆಹಾರ. ದಿನಾ ಬದುಕಿದ್ದನ್ನು ಎಣಿಸಿ. ನೀರಿನ ಬಿಸಿ 28ರಿಂದ 31 ಡಿಗ್ರಿ ಇರಲಿ.

ರೋಸೆನ್‌ಬರ್ಗಿಯಾದರೆ ಸಿಹಿ ನೀರಿನ ಟಬ್ಬು ಕೆಲವೇ ದಿನದಲ್ಲಿ ಖಾಲಿ. 12ರ ಟಬ್ಬಿನಲ್ಲಿ ಚೆನ್ನಾಗಿ ಉಳಿಯುತ್ತವೆ, ಮೂರರಿಂದ ಐದು ವಾರದಲ್ಲಿ ರೂಪ ಬದಲಿಸುತ್ತವೆ. ಆ ದಿನ ಗೊತ್ತಾಗದೆ ಇರುವುದಿಲ್ಲ. ನಿನ್ನೆವರೆಗೂ ಅಂಗಾತ ತೇಲುತ್ತಿದ್ದದ್ದು ಇವತ್ತು ಬೆನ್ನು ಮೇಲೆ ಮಾಡಿ ಟಬ್ಬಿನ ಗೋಡೆ ಹಿಡಿದು ನಡೆಯುತ್ತಿರುತ್ತದೆ. ಒಡೆದ ದಿನದಿಂದ ಆ ದಿನದವರೆಗಿನ ಲೆಕ್ಕವೇ ಮರಿಯ ತೇಲುವ ಅವಧಿ.

ತೇಲುವ ಅವಧಿಯನ್ನು ಕಡಲಿನ ಸೆಳೆತದ ವೇಗಕ್ಕೆ ಗುಣಿಸಿ "ಮರಿ ಇಷ್ಟು ಕಿಲೋಮೀಟರ್ ಹೋಗುತ್ತದೆ" ಅಂತ ಬರೆಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಮರಿ ಸುಮ್ನೆ ತೇಲುವ ಕಡ್ಡಿ ಅಲ್ವಲ್ಲ. ಭರತದ ಹೊತ್ತಿಗೆ ಮೇಲೆ ಬಂದು, ಇಳಿತದ ಹೊತ್ತಿಗೆ ತಳಕ್ಕೆ ಇಳಿದರೆ ಅಳಿವೆಯೊಳಗೇ ಉಳಿಯಬಹುದು. ಗುಣಾಕಾರದಲ್ಲಿ ಸಿಗುವುದು ಹೋಗಬಹುದಾದ ದೂರ ಮಾತ್ರ. ಹೋಗಿದೆಯೋ ಇಲ್ಲವೋ ಅನ್ನುವುದಕ್ಕೇ ಮುಂದೆ ಡಿಎನ್‌ಎ ನೋಡುವುದು.

4. ಒಂದು ರಾತ್ರಿ ಸೇತುವೆ ಮೇಲೆ ಕಳೆಯಿರಿ

ಹೊಳೆಯ ಮೇಲ್ಭಾಗದಲ್ಲಿ ಹುಟ್ಟಿದ ಮರಿ ನಿಜಕ್ಕೂ ಕೆಳಗೆ ಹೋಗುತ್ತಿದೆಯಾ ಅಂತ ಕಣ್ಣಾರೆ ನೋಡಬೇಕಲ್ಲ. ಸಣ್ಣ ಕಣ್ಣಿನ ಪ್ಲಾಂಕ್ಟನ್ ಬಲೆಯನ್ನು ಸೇತುವೆಯಿಂದ ಹರಿವಿಗೆ ಎದುರಾಗಿ ಇಳಿಬಿಡಿ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಎರಡು ಗಂಟೆಗೊಮ್ಮೆ, ಪ್ರತಿ ಸಲ ಹತ್ತು ನಿಮಿಷ. ಬಲೆಯ ಬಾಯಿಯ ಅಗಲ ಮತ್ತು ಹರಿವಿನ ವೇಗ ಬರೆದಿಟ್ಟರೆ ಒಂದು ಘನ ಮೀಟರ್ ನೀರಿಗೆ ಎಷ್ಟು ಮರಿ ಅಂತ ಲೆಕ್ಕ ಸಿಗುತ್ತದೆ. ಒಬ್ಬರೇ ಹೋಗಬೇಡಿ. ಅಣೆಕಟ್ಟಿನ ಕೆಳಗಾದರೆ ನೀರು ಬಿಡುವ ಹೊತ್ತು ವಿಚಾರಿಸಿಯೇ ಹೋಗಿ.

ಈ ಲೆಕ್ಕ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಪೋರ್ಟೊ ರಿಕೊದ ಎಸ್ಪಿರಿಟು ಸಾಂಟೊ ಹೊಳೆಯ ಕೆಲಸ ನೋಡಬೇಕು. ಅಲ್ಲಿ ಕುಡಿಯುವ ನೀರಿಗೆ ಒಂದು ತಗ್ಗು ಅಣೆ ಇದೆ. ಕೆಳಗೆ ತೇಲಿ ಹೋಗುವ ಸಿಗಡಿ ಮರಿಗಳಲ್ಲಿ ಸರಾಸರಿ 42 ಶೇಕಡಾ ಆ ನೀರೆತ್ತುವ ಕೊಳವೆಗೆ ಸಿಕ್ಕಿ ಸಾಯುತ್ತವೆ ಅಂತ 1990ರ ದಶಕದಲ್ಲಿ ಲೆಕ್ಕ ಹಾಕಿದರು. ಮರಿಗಳು ಜಾಸ್ತಿ ತೇಲುವುದು ಕತ್ತಲಾದ ಮೇಲಿನ ಮೊದಲ ಕೆಲವು ಗಂಟೆ. ಆ ಐದು ಗಂಟೆ ಮಾತ್ರ ಪಂಪ್ ನಿಲ್ಲಿಸಿದರೆ ಸಾವು 11ರಿಂದ 20 ಶೇಕಡಾಕ್ಕೆ ಇಳಿಯುತ್ತದೆ ಅಂತಲೂ ತೋರಿಸಿದರು. ನಿದ್ದೆಗೆಟ್ಟು ಬಲೆ ಎತ್ತಿದ್ದರಿಂದ ಬಂದ ಸಲಹೆ ಅದು. ನೀರೆತ್ತುವ ಜಾಗ ನಮ್ಮ ಹೊಳೆಗಳಲ್ಲೂ ಬೇಕಾದಷ್ಟಿವೆ. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟನ್ನೇ ತಗೊಳ್ಳಿ, ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಅಳಿವೆಯ ಉಪ್ಪನ್ನೂ ಇದೇ ಓಡಾಟದಲ್ಲಿ ಅಳೆಯಿರಿ. ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿ ನೀರು ವರ್ಷವಿಡೀ ಇಳಿಯುವುದರಿಂದ ಅಳಿವೆ ಸಪ್ಪೆಯಾಗಿದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಹಾಗಿಲ್ಲ. ಕೇರಳದ ವೆಂಬನಾಡಿನಲ್ಲಿ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಒಡ್ಡು ಕಟ್ಟಿ ಉಪ್ಪು ನೀರನ್ನು ತಡೆದ ಮೇಲೆ ಅಲ್ಲಿನ ಹೆಸರುವಾಸಿ ದೊಡ್ಡ ಸಿಗಡಿ ಕಡಿಮೆಯಾಯಿತು. 12 ಗ್ರಾಂ ಉಪ್ಪು ಬೇಕೆನ್ನುವ ಮರಿಗೆ ಅದು ಎಲ್ಲೂ ಸಿಗದಿದ್ದರೆ ಹೊಳೆ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

5. ಎಲ್ಲಿ, ಎಷ್ಟು, ಹೇಗೆ ಹಿಡಿಯುವುದು

ಜಾಗ ಆರಿಸುವುದರಲ್ಲಿ ಪ್ರಶ್ನೆ ಅಡಗಿದೆ. ಉಪ್ಪು ಬೇಡುವ ಜಾತಿಯಾದರೆ ಕರಾವಳಿಯ ಉದ್ದಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಹೀಗೆ ಹೊಳೆ ಹಿಡಿಯಿರಿ. ಒಂದೊಂದರಲ್ಲೂ ಮೇಲೊಂದು, ಕೆಳಗೊಂದು ಜಾಗ. ಒಳನಾಡಿನ ಜಾತಿಯಾದರೆ ನೀರು ಹಂಚುವ ದಿಬ್ಬದ ಎರಡೂ ಕಡೆ ಹೋಗಿ.

ಅದಕ್ಕೆ ಧಾರವಾಡಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಅಲ್ಲಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಬೇಡ್ತಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಊರಿನ ಇನ್ನೊಂದು ಕಡೆ ಬಿದ್ದ ಮಳೆ ಬೆಣ್ಣಿಹಳ್ಳದ ಕಡೆಗೆ ಹೋಗಿ ಮಲಪ್ರಭೆ, ಕೃಷ್ಣೆ ಮೂಲಕ ಬಂಗಾಳ ಕೊಲ್ಲಿಗೆ. ನೆಲದ ಮೇಲೆ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಎರಡು ಹಳ್ಳ, ನೀರಿನ ದಾರಿಯಲ್ಲಿ ಕನ್ಯಾಕುಮಾರಿ ಸುತ್ತಿ ಸಾವಿರಾರು ಕಿಲೋಮೀಟರ್. ಈ ಎರಡು ದೂರಗಳಲ್ಲಿ ಸಿಗಡಿಯ ಡಿಎನ್‌ಎ ಯಾವುದಕ್ಕೆ ಹೊಂದುತ್ತದೆ ಅಂತ ನೋಡುವುದೇ ಮಜಾ.

ಒಂದು ಜಾಗಕ್ಕೆ 20ರಿಂದ 30 ಸಿಗಡಿ ಬೇಕು. ಕಡಿಮೆ ಆದರೆ ಏನಾಗುತ್ತದೆ ಅಂತ ಎಂಟನೇ ಹೆಜ್ಜೆಯಲ್ಲಿ ಲೆಕ್ಕ ಸಮೇತ ತೋರಿಸುತ್ತೇನೆ. ಬೀಸು ಬಲೆ, ಕೈಬಲೆ ಯಾವುದಾದರೂ ಸರಿ. ಮೀನು ಮಾರುವವರ ಬುಟ್ಟಿಯಿಂದ ಕೊಂಡರೆ ಯಾವ ಹೊಳೆಯದ್ದು ಅನ್ನುವುದೇ ಖಾತ್ರಿ ಇರುವುದಿಲ್ಲ. ಇಡೀ ಸಿಗಡಿ ಬೇಕಿಲ್ಲ, ಒಂದು ಕಾಲು ಸಾಕು. ಪೊರೆ ಬಿಟ್ಟಾಗ ಕಾಲು ಮತ್ತೆ ಬೆಳೆಯುತ್ತದೆ. ಗುರುತಿಗೆ ಅಂತ ಜಾಗಕ್ಕೆ ಎರಡು ಮೂರು ಇಡೀ ಸಿಗಡಿ ಉಳಿಸಿಕೊಳ್ಳಿ. ಮೊಟ್ಟೆಯನ್ನು ಮಾತ್ರ ಅಂಗಾಂಶ ಅಂತ ತೆಗೆದುಕೊಳ್ಳಬೇಡಿ, ಅದರಲ್ಲಿ ಅಪ್ಪನ ಡಿಎನ್‌ಎಯೂ ಇರುತ್ತದೆ. ಅಭಯಾರಣ್ಯದ ಒಳಗಿನ ಹೊಳೆಯಾದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಮೊದಲು, ಬಲೆ ಆಮೇಲೆ.

ಕಾಲನ್ನು 95 ಶೇಕಡಾ ಅಥವಾ ಅದಕ್ಕಿಂತ ಗಟ್ಟಿ ಎಥನಾಲ್‌ನಲ್ಲಿ ಹಾಕಿ. ಒಂದು ಪಾಲು ಅಂಗಾಂಶಕ್ಕೆ ಹತ್ತು ಪಾಲು ಎಥನಾಲ್, ಮರುದಿನ ಒಮ್ಮೆ ಬದಲಿಸಿ. ಔಷಧಿ ಅಂಗಡಿಯ ಸ್ಪಿರಿಟ್ ಬೇಡ, ಫಾರ್ಮಲಿನ್ ಅಂತೂ ಬೇಡವೇ ಬೇಡ. ಎಥನಾಲ್ ಕೊಳ್ಳಲು ಅಬಕಾರಿ ಪರವಾನಗಿ ಬೇಕಾಗುವುದರಿಂದ ಕಾಲೇಜಿನ ಮೂಲಕವೇ ತರಿಸಿಕೊಳ್ಳಿ.

ಇನ್ನು ಲೇಬಲ್. ನನ್ನ ಮೊದಲ ಸುತ್ತಿನಲ್ಲಿ ನಲವತ್ತು ಸೀಸೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಚಂದವಾಗಿ ಬರೆದಿದ್ದೆ. ಬಸ್ಸಿನ ಕುಲುಕಾಟಕ್ಕೆ ಒಂದು ಮುಚ್ಚಳ ಸಡಿಲವಾಯಿತು. ಮನೆಗೆ ಬಂದು ಡಬ್ಬಿ ತೆಗೆದರೆ ಎಥನಾಲ್ ಸೋರಿ ನಲವತ್ತರಲ್ಲಿ ಮೂವತ್ತೊಂದು ಸೀಸೆಯ ಬರಹ ನೀಲಿ ಕಲೆಯಾಗಿತ್ತು. ಎರಡು ದಿನದ ಕೆಲಸ, ಯಾವ ಹೊಳೆಯ ಸಿಗಡಿ ಯಾವುದು ಅಂತ ತಿಳಿಯದೆ ಎಸೆಯಬೇಕಾಯಿತು. ಪೆನ್ಸಿಲ್ಲಿನಲ್ಲಿ ಬರೆದ ಗಟ್ಟಿ ಕಾಗದದ ಚೀಟಿಯನ್ನು ಸೀಸೆಯ ಒಳಗೇ ಹಾಕಿ. ಎಥನಾಲ್ ಪೆನ್ಸಿಲ್ಲನ್ನು ಏನೂ ಮಾಡುವುದಿಲ್ಲ.

6. ಲ್ಯಾಬ್ ಕೆಲಸ

ಇದನ್ನು ಬೇಗ ಮುಗಿಸುತ್ತೇನೆ, ಲ್ಯಾಬಿನವರು ಹೇಳಿಕೊಡುತ್ತಾರೆ. ಮೊದಲು ನೋಡುವ ಜೀನ್ ಮೈಟೊಕಾಂಡ್ರಿಯದ ಸಿಒಐ. ಅದರ ನಕಲು ಹೆಚ್ಚಿಸಲು 1994ರಲ್ಲಿ ಫೋಲ್ಮರ್ ಮತ್ತು ಸಂಗಡಿಗರು ಕೊಟ್ಟ ಪ್ರೈಮರ್ ಜೋಡಿ (ನಕಲು ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಪುಟ್ಟ ತುಂಡುಗಳು) ಇವತ್ತಿಗೂ ನಡೆಯುತ್ತದೆ. ಸಿಗುವ ತುಂಡಿನಲ್ಲಿ ಓದಿಗೆ ಬರುವುದು 658 ಅಕ್ಷರ. ಅದು ಹಟ ಮಾಡಿದರೆ 16ಎಸ್ ಅನ್ನುವ ಇನ್ನೊಂದು ಜೀನ್ ಪ್ರಯತ್ನಿಸಿ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ, ಹಾಗಾಗಿ ಅದು ಹೇಳುವುದು ಹೆಣ್ಣುಗಳ ಕಥೆ. ದುಡ್ಡಿದ್ದರೆ ತಾಯಿ ತಂದೆ ಇಬ್ಬರಿಂದಲೂ ಬರುವ ಡಿಎನ್‌ಎ ಗುರುತುಗಳಾದ ಮೈಕ್ರೋಸ್ಯಾಟಲೈಟ್ ಅಥವಾ ಎಸ್‌ಎನ್‌ಪಿ ಸೇರಿಸಿ.

ಲ್ಯಾಬ್ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಡಿಎನ್‌ಎ ಭಂಡಾರದಲ್ಲಿ ರೋಸೆನ್‌ಬರ್ಗಿಯ ಸಿಒಐ ಸೀಕ್ವೆನ್ಸ್‌ಗಳು, ಅಂದರೆ ಅಕ್ಷರಸಾಲುಗಳು, ಬಿಟ್ಟಿಯಾಗಿ ಸಿಗುತ್ತವೆ. ಇಳಿಸಿಕೊಂಡು ಮುಂದಿನ ಹೆಜ್ಜೆಗಳನ್ನೆಲ್ಲ ಮನೆಯ ಲ್ಯಾಪ್‌ಟಾಪ್‌ನಲ್ಲೇ ಮಾಡಬಹುದು. ಹಿಡಿದ ಜಾಗ ಬರೆದಿರುವ ದಾಖಲೆಗಳನ್ನಷ್ಟೇ ಆರಿಸಿಕೊಳ್ಳಿ. ಹ್ಯಾಚರಿಯದ್ದು ಅಂತ ಇದ್ದರೆ ಬಿಡಿ.

7. ಸೀಕ್ವೆನ್ಸ್ ಸೋಸುವುದು

ಮೆಗಾ ತಂತ್ರಾಂಶದಲ್ಲಿ ಎಲ್ಲವನ್ನೂ ಜೋಡಿಸಿ, ತುದಿಗಳನ್ನು ಸಮ ಮಾಡಿ. ಆಮೇಲೆ ಪ್ರೋಟೀನಿಗೆ ಅನುವಾದಿಸಿ ನೋಡಿ. ಅನುವಾದದ ಪಟ್ಟಿಯಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳ ಮೈಟೊಕಾಂಡ್ರಿಯದ್ದೇ ಆರಿಸಬೇಕು. ನಡುವೆ ಎಲ್ಲಾದರೂ ನಿಲುಗಡೆ ಸಂಕೇತ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಗುರುತು) ಬಂದರೆ ಅದು ಅಸಲಿ ಸಿಒಐ ಆಗಿರಲಿಕ್ಕಿಲ್ಲ. ಎಂದೋ ನ್ಯೂಕ್ಲಿಯಸ್ಸಿಗೆ ಜಾರಿ ಸತ್ತುಹೋದ ನಕಲು ಇರಬಹುದು. ಸಿಗಡಿ, ಏಡಿಗಳಲ್ಲಿ ಈ ಕಾಟ ಜಾಸ್ತಿ. ಒಂದು ನಕಲು ಸೇರಿದರೂ "ಹೊಸ ವಂಶ ಸಿಕ್ಕಿತು" ಅನ್ನುವ ಸುಳ್ಳು ಸಂಭ್ರಮ ಶುರುವಾಗುತ್ತದೆ.

8. ಲೆಕ್ಕ: ಒಮ್ಮೆಯಾದರೂ ಕೈಯಲ್ಲೇ ಮಾಡಿ

ಪಾಪ್‌ಆರ್ಟ್ ತಂತ್ರಾಂಶದಲ್ಲಿ ಹ್ಯಾಪ್ಲೋಟೈಪ್ ಜಾಲ ಬಿಡಿಸಿ. ಒಂದೇ ಅಕ್ಷರಸಾಲು ಇರುವ ಸಿಗಡಿಗಳೆಲ್ಲ ಒಂದು ವೃತ್ತ, ವೃತ್ತಕ್ಕೂ ವೃತ್ತಕ್ಕೂ ನಡುವಿನ ಗೆರೆಯ ಮೇಲಿನ ಗೀಟುಗಳು ಬದಲಾದ ಅಕ್ಷರ. ಹೊಳೆಗೊಂದು ಬಣ್ಣ ಕೊಟ್ಟರೆ ಕಥೆ ಕಣ್ಣಿಗೇ ಕಾಣುತ್ತದೆ. ಬಣ್ಣಗಳು ಕಲಸಿದ್ದರೆ ಬಳಗ ಒಂದೇ ಇರಬಹುದು, ಬೇರೆ ಬೇರೆ ಗೊಂಚಲಾಗಿದ್ದರೆ ಬೇರೆ. ನಡುವೆ ದೊಡ್ಡ ವೃತ್ತ, ಸುತ್ತ ಪುಟ್ಟ ಪುಟ್ಟವು ನಕ್ಷತ್ರದ ಹಾಗೆ ಇದ್ದರೆ ಈ ಬಳಗ ಇತ್ತೀಚೆಗೆ ಸಂಖ್ಯೆಯಲ್ಲಿ ಹಿಗ್ಗಿದೆ ಅನ್ನುವ ಸೂಚನೆ. ಇತ್ತೀಚೆಗೆ ಅಂದರೆ ಇಲ್ಲಿ ಸಾವಿರಾರು ವರ್ಷ.

ಈಗ ಎಫ್‌ಎಸ್‌ಟಿ. ಬಳಗಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅಂತ ತಿಳಿಯಲು ತಳಿವಿಜ್ಞಾನಿ ಸ್ಯೂವಲ್ ರೈಟ್ ಕೊಟ್ಟ ಅಳತೆ, ಸೊನ್ನೆಯಿಂದ ಒಂದರವರೆಗೆ. ತಂತ್ರಾಂಶ ಕ್ಷಣದಲ್ಲಿ ಕೊಡುತ್ತದೆ, ಆದರೆ ಮೊದಲು ಕಾಗದದ ಮೇಲೆ ಮಾಡಿ. ಸುಮ್ನೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೇಲಿನ ಹೊಳೆಯಲ್ಲಿ 10 ಸಿಗಡಿ: 8 'ಅ' ಬಗೆ, 2 'ಬ' ಬಗೆ. ಕೆಳಗಿನ ಹೊಳೆಯಲ್ಲಿ 10: 3 'ಅ', 7 'ಬ'.

ಕಣ್ಣು ಮುಚ್ಚಿ ಎರಡು ಸಿಗಡಿ ಎತ್ತಿದರೆ ಅವು ಬೇರೆ ಬೇರೆ ಬಗೆ ಆಗುವ ಸಾಧ್ಯತೆಯೇ ವೈವಿಧ್ಯ. ಮೇಲಿನ ಹೊಳೆಯಲ್ಲಿ ಅದು 1 − (0.8 × 0.8 + 0.2 × 0.2) = 0.32. ಕೆಳಗಿನದ್ದರಲ್ಲಿ 1 − (0.3 × 0.3 + 0.7 × 0.7) = 0.42. ಸರಾಸರಿ 0.37. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದರೆ 20ರಲ್ಲಿ 11 'ಅ', 9 'ಬ'. ಆಗ ವೈವಿಧ್ಯ 0.495. ಕಲಸಿದ್ದರಿಂದ ಹೆಚ್ಚಾದದ್ದು 0.125. ಅದನ್ನು 0.495ರಿಂದ ಭಾಗಿಸಿದರೆ 0.25. ಇದೇ ಎಫ್‌ಎಸ್‌ಟಿ. ಒಟ್ಟು ವೈವಿಧ್ಯದಲ್ಲಿ ಕಾಲು ಭಾಗ ಹೊಳೆ ಹೊಳೆ ನಡುವಿನ ವ್ಯತ್ಯಾಸದಿಂದ ಬಂದಿದೆ ಅಂತ ಅರ್ಥ. ತಂತ್ರಾಂಶ ಮಾದರಿ ಸಣ್ಣದಿದ್ದಾಗ ಸ್ವಲ್ಪ ತಿದ್ದಿಕೊಳ್ಳುವುದರಿಂದ ಅದರ ಅಂಕಿ ನಿಮ್ಮದಕ್ಕಿಂತ ಕೊಂಚ ಬೇರೆ ಬರುತ್ತದೆ, ಗಾಬರಿ ಬೇಡ.

0.25 ದೊಡ್ಡ ಅಂಕಿ. ಆದರೆ ನಂಬಬಹುದಾ? ಇಪ್ಪತ್ತು ಚೀಟಿ ಮಾಡಿ, 11ರ ಮೇಲೆ 'ಅ', 9ರ ಮೇಲೆ 'ಬ' ಬರೆಯಿರಿ. ಇಸ್ಪೀಟಿನ ಹಾಗೆ ಕಲಸಿ, ಹತ್ತು ಹತ್ತು ಮಾಡಿ ಹಂಚಿ. ಎರಡು ಗುಂಪಿನ ನಡುವೆ 8ಕ್ಕೆ 3ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಅಂತರ ಬಂತಾ ನೋಡಿ. ನೂರು ಸಲ ಹಂಚಿದರೆ ಸುಮಾರು ಏಳು ಸಲ ಬರುತ್ತದೆ. ಅಂದರೆ ಹೊಳೆಗಳಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೂ ನೂರಕ್ಕೆ ಏಳು ಸಲ ಬರೀ ಅದೃಷ್ಟದಿಂದ ಇಂಥ ಅಂಕಿ ಸಿಗುತ್ತದೆ. ಎಲ್ಲರೂ ಒಪ್ಪುವ ಗೆರೆ ನೂರಕ್ಕೆ ಐದು. ನಿಮ್ಮ 0.25 ಹೊರಗೆ ನಿಂತಿತು.

ಅದೇ ಪ್ರಮಾಣದಲ್ಲಿ ಹೊಳೆಗೆ 20 ಸಿಗಡಿ ಹಿಡಿದಿದ್ದರೆ? 16 ಮತ್ತು 4, 6 ಮತ್ತು 14. ಎಫ್‌ಎಸ್‌ಟಿ ಅದೇ 0.25. ಚೀಟಿ ಕಲಸಿದರೆ ಇಷ್ಟು ಅಂತರ ನೂರಕ್ಕೆ ಒಂದು ಸಲವೂ ಬರುವುದಿಲ್ಲ. ಇನ್ನೊಂದು ಬೆಳಿಗ್ಗೆ ಬಲೆ ಬೀಸಿದ್ದರೆ ಪ್ರಾಜೆಕ್ಟ್ ಉಳಿಯುತ್ತಿತ್ತು ಅಲ್ವಾ?

9. ಅರ್ಥ ಹೇಳುವಾಗ ಎಡವುವ ಕಡೆಗಳು

ಎಫ್‌ಎಸ್‌ಟಿ ಸೊನ್ನೆ ಬಂತು ಅಂದುಕೊಳ್ಳಿ. "ಹಾಗಾದರೆ ಮರಿಗಳು ಈಗಲೂ ಹೊಳೆಯಿಂದ ಹೊಳೆಗೆ ಹೋಗುತ್ತಿವೆ" ಅಂತ ಬರೆಯುವವರೇ ಜಾಸ್ತಿ. ಹಾಗೆ ಹೇಳಲು ಬರುವುದಿಲ್ಲ. ಬಳಗ ಬೇರೆಯಾಗದಂತೆ ತಡೆಯಲು ಒಂದು ತಲೆಮಾರಿಗೆ ಬೆರಳೆಣಿಕೆಯ ವಲಸಿಗರು ಸಾಕು. ಒಂದು ಹೊಳೆಯ ಸಿಗಡಿ ಖಾಲಿಯಾದರೆ ಅದನ್ನು ತುಂಬಿಸಲು ಆ ಬೆರಳೆಣಿಕೆ ಸಾಲದು, ಲಕ್ಷಗಟ್ಟಲೆ ಮರಿ ಬೇಕು. ಸಿಗಡಿ ಒಂದೇ ಬಳಗ, ಆದ್ದರಿಂದ ಅಣೆಕಟ್ಟಿನಿಂದ ತೊಂದರೆ ಇಲ್ಲ ಅನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ.

ಹಳೆಯ ನಂಟೂ ಸೊನ್ನೆಯ ವೇಷದಲ್ಲಿ ಬರುತ್ತದೆ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಇವತ್ತಿನ ಅಳಿವೆಗಳೆಲ್ಲ ಆಗ ದಡದಿಂದ ತುಂಬ ಒಳಗಿದ್ದವು. ಹೊಳೆಗಳು ಇನ್ನಷ್ಟು ದೂರ ಹರಿದು ಕಡಲು ಸೇರುತ್ತಿದ್ದವು, ಕೆಲವು ದಾರಿಯಲ್ಲೇ ಕೂಡಿರಬಹುದು. ಆಮೇಲೆ ಬೇರೆಯಾದ ಬಳಗಗಳ ಡಿಎನ್‌ಎ ಇನ್ನೂ ಹಳೆಯ ಗುರುತನ್ನೇ ತೋರಿಸುತ್ತಿರಬಹುದು. ಎರಡನ್ನು ಬೇರ್ಪಡಿಸಲು ನಿಮ್ಮ ಕೈಯಲ್ಲಿ ಮೊಟ್ಟೆಯ ಅಳತೆ, ಟಬ್ಬಿನ ಲೆಕ್ಕ, ರಾತ್ರಿಯ ಬಲೆ ಇವೆ. ಮರಿ ಉಪ್ಪು ನೀರಿನಲ್ಲಿ ಬದುಕುವುದೇ ಇಲ್ಲ ಅಂತ ಟಬ್ಬು ಹೇಳಿದ್ದರೆ, ಸೊನ್ನೆ ಇವತ್ತಿನ ಓಡಾಟದ್ದಾಗಿರಲು ಸಾಧ್ಯವಿಲ್ಲ.

ಸೊನ್ನೆಗೆ ಇನ್ನೂ ಒಂದು ಕಾರಣ ಲಾರಿ. ಜಲಾಶಯಕ್ಕೆ ಹ್ಯಾಚರಿಯ ಸಿಗಡಿ ಮರಿ ಬಿಟ್ಟಿದ್ದರೆ, ಸಾಕುವ ಕೆರೆ ಮಳೆಗೆ ಒಡೆದಿದ್ದರೆ, ಎರಡು ಹೊಳೆಯಲ್ಲೂ ಒಂದೇ ಹ್ಯಾಚರಿಯ ವಂಶ ಸಿಗುತ್ತದೆ. ಹಿಡಿಯುವ ಮೊದಲೇ ಊರಿನ ಮೀನುಗಾರರ ಹತ್ತಿರ ಕೂತು ಕೇಳಿ. ಅವರಿಗೆ ವರ್ಷ ಸಮೇತ ನೆನಪಿರುತ್ತದೆ.

ದೊಡ್ಡ ವ್ಯತ್ಯಾಸ ಬಂದಾಗ ತಪ್ಪು ಇನ್ನೊಂದು ಕಡೆಯದು. ಸಿಒಐ ಅಕ್ಷರಗಳಲ್ಲಿ ನೂರಕ್ಕೆ ಹತ್ತರಷ್ಟು ಬೇರೆ ಅಂದರೆ ಒಂದೇ ಜಾತಿಯ ಎರಡು ಬಳಗ ಅನ್ನುವ ಮೊದಲು ಎರಡು ಜಾತಿಯೇ ಇರಬಹುದಾ ಅಂತ ಯೋಚಿಸಿ. ರೋಸೆನ್‌ಬರ್ಗಿಯ ಕಥೆ ಹೀಗೇ ಆಯಿತು. ಪೂರ್ವ, ಪಶ್ಚಿಮದ ಸಿಗಡಿಗಳ ನಡುವೆ ಆಗ್ನೇಯ ಏಷ್ಯಾದ ಹಕ್ಸ್‌ಲಿ ಗೆರೆಯಲ್ಲಿ (ಎರಡು ಕಡೆಯ ಪ್ರಾಣಿಗಳನ್ನು ಬೇರ್ಪಡಿಸುತ್ತದೆ ಅಂತ ನಕ್ಷೆಯಲ್ಲಿ ಎಳೆದ ಗಡಿ) ಆಳವಾದ ಬಿರುಕು ಇದೆ ಅಂತ 2004ರಲ್ಲಿ ಡಿಎನ್‌ಎ ತೋರಿಸಿತು. ಮೇಲೆ ಹೇಳಿದ ಹೆಸರಿನ ಜಗಳ ಅದಾದ ಮೇಲಿನದ್ದು.

10. ಟಬ್ಬಿನಲ್ಲಿ ಉಳಿದ ಮರಿಗಳು

ಪ್ರಯೋಗ ಮುಗಿದ ಮೇಲೆ ಹತ್ತಾರು ಮರಿ ಉಳಿಯುತ್ತವೆ. ಹತ್ತಿರದ ಯಾವುದಾದರೂ ಹಳ್ಳಕ್ಕೆ ಬಿಟ್ಟುಬಿಡೋಣ ಅನ್ನಿಸುತ್ತದೆ, ಪುಣ್ಯದ ಕೆಲಸ ಅಂತ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ಯಾರಾಟ್ಯಾ ಅನ್ನುವ ಸಣ್ಣ ಹೊಳೆ ಸಿಗಡಿಯನ್ನು 1993ರಲ್ಲಿ ಒಂದು ತೊರೆಯಿಂದ ಇನ್ನೊಂದಕ್ಕೆ ಪ್ರಯೋಗಕ್ಕಾಗಿ ಸಾಗಿಸಿದರು. ಜಾತಿ ಒಂದೇ, ಬೆಟ್ಟವೂ ಒಂದೇ, ಆದರೆ ಡಿಎನ್‌ಎ ವಂಶ ಬೇರೆ. ತಂದು ಬಿಟ್ಟ ಮಡುವಿನ ಮೂಲ ಹೆಣ್ಣುಗಳು ಹೊಸದಾಗಿ ಬಂದ ಗಂಡುಗಳನ್ನೇ ಮೆಚ್ಚಿದವು, ಆ ಕೂಡಿಕೆಯ ಮರಿಗಳು ಉಳಿಯಲಿಲ್ಲ. ಏಳು ತಲೆಮಾರಿನಲ್ಲಿ ಆ ಜಾಗದ ಮೂಲ ಬಳಗ ಪೂರ್ತಿ ಅಳಿಸಿಹೋಯಿತು ಅಂತ ಗ್ರಿಫಿತ್ ವಿಶ್ವವಿದ್ಯಾಲಯದ ಜೇನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ಬರೆದರು.

ತಾಯಿಯನ್ನು ಹಿಡಿದ ಅದೇ ಜಾಗಕ್ಕೆ ಮರಿಗಳನ್ನು ಒಯ್ದು ಬಿಡಿ. ಟಬ್ಬಿನಲ್ಲಿ ರೋಗ ಕಂಡಿದ್ದರೆ ಅಲ್ಲಿಗೂ ಬೇಡ, ಎಥನಾಲ್‌ಗೆ ಹಾಕಿ. ಬಲೆ, ಬಕೆಟ್ಟು, ಬೂಟು ಎಲ್ಲವನ್ನೂ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಆಮೇಲೆ ಮುಂದಿನ ಹೊಳೆಗೆ ಹೊರಡಿ.